ಬಾತು ಮರಿಗಿಂತ ಮೊದಲು ಅದರ ಪೆಟ್ಟಿಗೆ ನೋಡುತ್ತೇನೆ

ಉಡುಪಿಯಲ್ಲಿ ಸಾಕುಪ್ರಾಣಿಗಳ ಡಾಕ್ಟರ್ ಅಂದ್ರೆ ದಿನವಿಡೀ ನಾಯಿ, ಬೆಕ್ಕು. ಆದರೆ ಬೇಸಿಗೆ ರಜೆಯಲ್ಲಿ ಮಕ್ಕಳು ಹಟ ಹಿಡಿದು ತರಿಸಿಕೊಂಡ ಬಾತುಕೋಳಿ ಮರಿಗಳು, ಜೂನ್ ಮಳೆ ಹಿಡಿದ ಕೂಡಲೇ ಒಂದೊಂದಾಗಿ ನನ್ನ ಮೇಜಿಗೆ ಬರುತ್ತವೆ. ಜೊತೆಗೆ ಒಂದೇ ಮಾತು: "ನಿನ್ನೆವರೆಗೆ ಚೆನ್ನಾಗಿತ್ತು ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಡಿ."

ಸೂಜಿ ಆಮೇಲೆ. ಎಂತ ತಿಂದಿತು, ಎಲ್ಲಿ ಮಲಗಿತು, ಎಷ್ಟು ಹೊತ್ತು ನೀರಿನಲ್ಲಿತ್ತು? ಇಷ್ಟು ಕೇಳಿದರೆ ಹೆಚ್ಚಿನ ಸಲ ಕಾಯಿಲೆ ಅರ್ಧ ಗೊತ್ತಾಗಿಬಿಡುತ್ತದೆ. ಹಾಗಾಗಿ ಫೋನ್ ಮಾಡಿದವರಿಗೆ ಮೊದಲೇ ಹೇಳುತ್ತೇನೆ, ಮರಿ ಜೊತೆ ತಿಂಡಿಯ ಚೀಲವನ್ನೂ, ಹಾಸಿಗೆಗೆ ಹಾಕಿದ್ದರಲ್ಲಿ ಒಂದು ಮುಷ್ಟಿಯನ್ನೂ ತನ್ನಿ ಅಂತ.

"ನಿನ್ನೆವರೆಗೆ ಚೆನ್ನಾಗಿತ್ತು" ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಹಕ್ಕಿಗಳು ಕಾಯಿಲೆಯನ್ನು ಆದಷ್ಟು ಅಡಗಿಸಿಡುತ್ತವೆ. ತಿಂಡಿ ಹಾಕಿದಾಗ ಎಲ್ಲ ಮರಿಗಳೂ ಓಡಿ ಬರಬೇಕು. ಒಂದು ಮಾತ್ರ ಕುತ್ತಿಗೆ ಒಳಗೆಳೆದು, ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಮೂಲೆಯಲ್ಲಿ ಕೂತರೆ ಅವತ್ತೇ ಎಚ್ಚರ ಆಗಬೇಕು. ಅಡುಗೆಮನೆಯ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಬಾತು ಮರಿ ಬಹಳ ಬೇಗ ಬೆಳೆಯುತ್ತದೆ. ಎರಡು ದಿನ ತೂಕ ಏರಲಿಲ್ಲ ಅಂದ್ರೆ ಏನೋ ಸರಿ ಇಲ್ಲ.

ಕಲ್ಯಾಣಪುರ ಕಡೆಯಿಂದ ಒಬ್ಬರು ತಂದಿದ್ದ ಮರಿ ಕೊಕ್ಕು, ಕಣ್ಣು ಎಲ್ಲ ಚುರುಕು. ಆದರೆ ಮೇಜಿನ ಮೇಲೆ ಬಿಟ್ಟರೆ ಎರಡು ಹೆಜ್ಜೆ ಇಟ್ಟು ಕುಸಿಯುತ್ತಿತ್ತು, ರೆಕ್ಕೆ ಊರಿಕೊಂಡು ಮುಂದೆ ತೆವಳುತ್ತಿತ್ತು. ಕಾಲು ಬಿಲ್ಲಿನ ಹಾಗೆ ಬಾಗಿತ್ತು.

"ತಿನ್ನಲಿಕ್ಕೆ ಎಂತ ಹಾಕ್ತೀರಿ ಅಕ್ಕ?"

"ನಾವು ಉಣ್ಣುವುದೇ ಡಾಕ್ಟ್ರೇ. ಗಂಜಿ, ಮತ್ತೆ ಸ್ವಲ್ಪ ತೌಡು."

ಕುಚ್ಚಲಕ್ಕಿ ಗಂಜಿ ನಮಗೆ ಅಮೃತ ಇರಬಹುದು, ಬಾತು ಮರಿಗೆ ಅದರಲ್ಲಿ ನಯಾಸಿನ್ ಸಾಲುವುದಿಲ್ಲ. ಬಿ ಗುಂಪಿನ ಈ ವಿಟಮಿನ್ ಬಾತು ಮರಿಗೆ ಕೋಳಿಮರಿಗಿಂತ ಬಹಳ ಜಾಸ್ತಿ ಬೇಕು, ಒಂದು ಕಿಲೋ ತಿಂಡಿಯಲ್ಲಿ ಸುಮಾರು 55 ಮಿಲಿಗ್ರಾಂ. ತೌಡಿನಲ್ಲಿ ನಯಾಸಿನ್ ಉಂಟು, ಆದರೆ ಹೆಚ್ಚಿನದು ಹೊಟ್ಟೆಗೆ ದಕ್ಕುವ ರೂಪದಲ್ಲಿ ಇಲ್ಲ. ಅಂಗಡಿಯಲ್ಲಿ ಸಿಗುವ ಕೋಳಿಮರಿ ತಿಂಡಿ, ಅಂದ್ರೆ ಸ್ಟಾರ್ಟರ್, ಅದೊಂದನ್ನೇ ಹಾಕಿದರೂ ಕೆಲವೊಮ್ಮೆ ಇದೇ ತೊಂದರೆ. ತೂಕ ನೋಡಿ ನಯಾಸಿನ್ ಕೊಟ್ಟೆ. ಸ್ಟಾರ್ಟರ್‌ಗೆ ನಯಾಸಿನ್ ಚೆನ್ನಾಗಿರುವ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿ ಹಾಕಲು ಹೇಳಿದೆ. ಮೀನಿನ ಮನೆಯಾದರೆ ಇನ್ನೂ ಸುಲಭ, ಉಪ್ಪು ಹಾಕದೆ ಬೇಯಿಸಿದ ಬೂತಾಯಿ, ಮುಳ್ಳು ಪೂರ್ತಿ ತೆಗೆದು ಸ್ವಲ್ಪ. ಬೇಗ ಶುರು ಮಾಡಿದರೆ ಕಾಲು ಚೇತರಿಸಿಕೊಳ್ಳುತ್ತದೆ. ಗಂಟು ಊದಿ ಕಾಲು ಸೊಟ್ಟಗಾಗಿಯೇ ಹೋದ ಮೇಲೆ ವಿಟಮಿನ್‌ನಿಂದ ನೆಟ್ಟಗಾಗುವುದಿಲ್ಲ. ಇನ್ನೊಂದು, ಟೈಲ್ಸ್ ಮೇಲೆ, ನ್ಯೂಸ್‌ಪೇಪರ್ ಮೇಲೆ ಬಿಟ್ಟರೂ ಕಾಲು ಜಾರಿ ಅಗಲವಾಗುತ್ತದೆ. ಗೋಣಿ ಹಾಸಿ.

ನೀರಿನ ವಿಷಯಕ್ಕೆ ಮನೆಮನೆಯಲ್ಲೂ ವಾದ. "ಬಾತುಕೋಳಿ ಅಲ್ವಾ, ಈಜಬೇಕಲ್ಲ?" ಅಮ್ಮನ ಜೊತೆ ಬೆಳೆಯದ ಮರಿಯ ತುಪ್ಪಳ ನೀರನ್ನು ತಡೆಯುವುದಿಲ್ಲ, ನೀರು ಒಳಗೆ ಇಳಿಯುತ್ತದೆ. ಬಕೆಟ್‌ನಲ್ಲಿ ಬಿಟ್ಟು ಮಕ್ಕಳು ಆಡುತ್ತಿರುವಾಗಲೇ ಅದು ತಣ್ಣಗಾಗಿ ಸೋಲುತ್ತದೆ. ಹಾಗೆ ನಡುಗುವ ಮರಿ ಬಂದರೆ ಮೊದಲು ಟವೆಲ್‌ನಲ್ಲಿ ಒರೆಸಿ ಬೆಚ್ಚಗೆ ಮಾಡುತ್ತೇನೆ, ಆಮೇಲೆ ತಿಂಡಿ, ಔಷಧಿ. ತಣ್ಣಗಾದ ಮರಿಯ ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಯುವ ಪಾತ್ರೆಯಲ್ಲಿ ಮಾತ್ರ ಮೂಗು ಮುಳುಗುವಷ್ಟು ನೀರು ಇರಲಿ. ಮೂಗು, ಕಣ್ಣು ತೊಳೆದುಕೊಳ್ಳದಿದ್ದರೆ ಕಣ್ಣು ಅಂಟಿಕೊಳ್ಳುತ್ತದೆ.

ಮೊದಲ ವಾರ ಸುಮಾರು 32 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಬಹುದು. ಮೇ ತಿಂಗಳಲ್ಲಿ ನಮ್ಮಲ್ಲಿ ಹಗಲು ಬಲ್ಬೇ ಬೇಡ. ಮಳೆಗಾಲದ ರಾತ್ರಿ ಬೇಕೇ ಬೇಕು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದಿದ್ದರೆ ಸೆಕೆ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಿ.

ನನಗೆ ಹೆಚ್ಚು ಹೆದರಿಕೆ ಬೂಷ್ಟಿನದ್ದು. ಮಳೆಗಾಲದಲ್ಲಿ ನಮ್ಮ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಒದ್ದೆ ಮರದ ಹುಡಿ, ಬೈಹುಲ್ಲು ಬಿಡುತ್ತದಾ? ಅದರ ಧೂಳು ಉಸಿರಿಗೆ ಹೋದರೆ ಮರಿ ಕೊಕ್ಕು ತೆರೆದು, ಕುತ್ತಿಗೆ ಚಾಚಿ ಉಸಿರಿಗೆ ಒದ್ದಾಡುತ್ತದೆ. ನೆಗಡಿ ಅಂದುಕೊಂಡು ಆಂಟಿಬಯೋಟಿಕ್ ಹಾಕಿದರೆ ಪ್ರಯೋಜನ ಇಲ್ಲ, ಇದು ಶಿಲೀಂಧ್ರ.

ತಿಂಡಿಯ ಬೂಷ್ಟು ಇನ್ನೂ ಅಪಾಯ. 1960ರಲ್ಲಿ ಇಂಗ್ಲೆಂಡ್‌ನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಬಾತು ಮರಿಗಳೂ ಸತ್ತವು. ಕಾರಣ ಬೂಷ್ಟು ಹಿಡಿದ ನೆಲಗಡಲೆ ಹಿಂಡಿ. ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಪತ್ತೆಯಾದದ್ದು ಹಾಗೆ. ಬಾತು ಮರಿಗೆ ಈ ವಿಷ ಎಷ್ಟು ಬೇಗ ತಾಗುತ್ತದೆ ಅಂದ್ರೆ, ಆಮೇಲೆ ವಿಷ ಉಂಟಾ ಇಲ್ಲವಾ ಎಂದು ನೋಡಲು ಅವನ್ನೇ ಬಳಸುತ್ತಿದ್ದರು. ಬಿಸಿಲಿಗೆ ಹಾಕಿದರೆ, ಕುದಿಸಿದರೆ ಅದು ಹೋಗುವುದಿಲ್ಲ, ಮದ್ದೂ ಇಲ್ಲ. ಚೀಲದೊಳಗೆ ಕೈ ಹಾಕಿದಾಗ ಗಂಟು ಸಿಕ್ಕಿದರೆ ದುಡ್ಡಿನ ಮುಖ ನೋಡದೆ ಎಸೆಯಿರಿ. ದನಕ್ಕೂ ಹಾಕಬೇಡಿ.

ಕೆಲವಕ್ಕೆ ನನ್ನ ಕೈಯಲ್ಲೂ ಏನೂ ಆಗುವುದಿಲ್ಲ. ಎಳೆ ಮರಿ ಪಕ್ಕಕ್ಕೆ ಬಿದ್ದು, ಕಾಲು ಬಡಿದು, ತಲೆ ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಬಾಗಿಸಿ, ಕೆಲವೇ ಗಂಟೆಯಲ್ಲಿ ಸತ್ತರೆ ಅದು ಬಾತುಗಳ ವೈರಲ್ ಹೆಪಟೈಟಿಸ್, ಅಂದ್ರೆ ಲಿವರ್‌ಗೆ ಬರುವ ವೈರಸ್ ಕಾಯಿಲೆ ಇರಬಹುದು. ಉಳಿದವನ್ನು ಬೇರೆ ಮಾಡಿ. ಒಂದು ಸತ್ತದ್ದನ್ನು ಹೂಳುವ ಮೊದಲು ನನಗೆ ಫೋನ್ ಮಾಡಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಐಸ್ ಪಕ್ಕ ಇಟ್ಟು ತಂದರೆ ಒಳಗೆ ಲಿವರ್ ನೋಡಬಹುದು, ಫ್ರೀಜರ್‌ಗೆ ಹಾಕಬೇಡಿ. ಆದರೆ ಒಟ್ಟೊಟ್ಟಿಗೆ ತುಂಬ ಸತ್ತರೆ, ಅಕ್ಕಪಕ್ಕದ ಕೋಳಿಗಳೂ ಸತ್ತರೆ, ಬರಿಗೈಯಲ್ಲಿ ಮುಟ್ಟದೆ ಪಶು ಇಲಾಖೆಯ 1962 ನಂಬರಿಗೆ ಹೇಳಿ. ಮತ್ತೆ ಮಕ್ಕಳು ಮರಿಗೆ ಮುತ್ತು ಕೊಡುವುದು ಬೇಡ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ನೋಡಲು ಆರೋಗ್ಯವಾಗಿರುವ ಮರಿಯಲ್ಲೂ ಮನುಷ್ಯರಿಗೆ ಹರಡುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.