ಕೊನೆಯ ಬೈಕಿನ ಹರಕೆ

ನಮ್ಮ ಕಡೆ ತಿಂಗಳ ಮೊದಲ ಶುಕ್ರವಾರ ಅಂದರೆ ಯೇಸುವಿನ ಪವಿತ್ರ ಹೃದಯಕ್ಕೆ ಮುಡಿಪಾದ ದಿನ. ಚರ್ಚಿಗೆ ಬರಲಾಗದ ವಯಸ್ಸಾದವರಿಗೆ, ಹಾಸಿಗೆ ಹಿಡಿದವರಿಗೆ ಫಾದರ್ ಮನೆಗೇ ಹೋಗಿ ಪರಮಪ್ರಸಾದ, ಅಂದರೆ ಯೇಸುವಿನ ಶರೀರವೆಂದು ನಾವು ನಂಬುವ ಪೂಜೆಯ ರೊಟ್ಟಿ, ಕೊಡುತ್ತಾರೆ. ಕಾರವಾರದ ಸುತ್ತ ಈ ಮನೆಗಳು ಒಂದೇ ಕಡೆ ಇಲ್ಲ. ಕಾಳಿ ನದಿ ದಾಟಿ ಸದಾಶಿವಗಡದಲ್ಲಿ ಒಂದು, ಕಿನ್ನರದ ಹತ್ತಿರ ಇನ್ನೊಂದು, ಕದ್ರಾ ದಾರಿಯಲ್ಲಿ ಮತ್ತೊಂದು. ಕೆಲವು ಕಡೆ ಕಾರು ಹೋಗುವುದಿಲ್ಲ. ಗದ್ದೆಯ ಬದಿಯ ಮಣ್ಣು ದಾರಿ, ಮಧ್ಯೆ ಒಂದು ಸಂಕ. ಹಾಗಾಗಿ ಆ ದಿನ ಫಾದರ್ ನಮ್ಮ ಬೈಕ್ ಸವಾರರ ಗುಂಪಿನ ಒಂದು ಬೈಕಿನ ಹಿಂದಿನ ಸೀಟಿನಲ್ಲಿ ಕೂರುತ್ತಾರೆ.

ಪರಮಪ್ರಸಾದದ ಚಿಕ್ಕ ಕರಡಿಗೆ ಅವರ ಕೊರಳಲ್ಲಿ, ಎದೆಗೆ ತಾಗಿ ಇರುತ್ತದೆ. ಬಿಳಿ ನಿಲುವಂಗಿ, ಅದರ ಮೇಲೆ ಜಾಕೆಟ್, ತಲೆಗೆ ಹೆಲ್ಮೆಟ್. ಆ ಹೊತ್ತಿನಲ್ಲಿ ಓಡಿಸುವವರು ಮಾತಾಡುವುದಿಲ್ಲ. ಫಾದರೂ ಮಾತಾಡುವುದಿಲ್ಲ. ಪರಮಪ್ರಸಾದ ಹೊತ್ತು ಹೋಗುವಾಗ ಮೌನವಾಗಿರುವುದು ಹಿರಿಯರಿಂದ ಬಂದ ರೂಢಿ. ಗುಂಡಿ ಬಂದರೆ ನಿಧಾನ, ತಿರುವು ಬಂದರೆ ಇನ್ನೂ ನಿಧಾನ. ದಿನಾ ಕೆಲಸಕ್ಕೆ ಹೋಗುವ ಅದೇ ರಸ್ತೆ, ಅದೇ ಬೈಕು. ಆದರೆ ಬೆನ್ನ ಹಿಂದೆ ಪ್ರಭು ಯೇಸು ಕೂತಿದ್ದಾರೆ ಎಂದು ನಂಬಿದ ಮೇಲೆ ಕೈ ತಾನಾಗಿಯೇ ತಗ್ಗುತ್ತದೆ. ನನಗೆ ಪ್ರಾರ್ಥನೆ ಅಂದರೇನು ಎಂದು ಕಲಿಸಿದ್ದರಲ್ಲಿ ಈ ಸವಾರಿಯ ಪಾಲು ದೊಡ್ಡದು.

ಮನೆಯಲ್ಲಿ ಬೆಳಿಗ್ಗೆಯೇ ಸಿದ್ಧತೆ ಆಗಿರುತ್ತದೆ. ಸ್ಟೂಲಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಒಂದು ಕ್ಯಾಂಡಲ್. ಅಜ್ಜಿ ಒಳ್ಳೆಯ ಸೀರೆ ಉಟ್ಟು ಮಂಚದ ಮೇಲೆ ಕೂತಿರುತ್ತಾರೆ. ಫಾದರ್‌ಗೆ ಮುಂದಿನ ಮನೆಗೆ ಹೋಗಬೇಕು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಯಾವಾಗಲೂ ಎರಡನೇ ಬೈಕು ಒಂದು ಹಿಂದೆ ಬರುತ್ತದೆ. ಫಾದರ್ ಹೊರಟ ಮೇಲೆ ಆ ಬೈಕಿನವರು ಅಲ್ಲೇ ಉಳಿಯುತ್ತಾರೆ. ಚಹಾ ಕುಡಿಯುತ್ತಾರೆ. "ನೀನು ಯಾರ ಮಗ?" ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಹೋದ ತಿಂಗಳು ಕೊಟ್ಟಿದ್ದರೂ ಮತ್ತೆ ಕೊಡುತ್ತಾರೆ. ಬಲ್ಬ್ ಹೋಗಿದ್ದರೆ ಹಾಕುತ್ತಾರೆ, ಮಾತ್ರೆ ಮುಗಿದಿದ್ದರೆ ಪೇಟೆಯಿಂದ ತಂದುಕೊಡುತ್ತಾರೆ. ಪರಮಪ್ರಸಾದ ಸ್ವೀಕರಿಸಿದ ಮನೆಯಲ್ಲಿ ಹೀಗೆ ಅರ್ಧ ಗಂಟೆ ಕೂರುವುದು ಕೂಡ ಆರಾಧನೆಯೇ ಎಂದು ನಾನು ಮನಸಾರೆ ನಂಬುತ್ತೇನೆ.

ಕ್ರೈಸ್ತ ಬೈಕ್ ಸವಾರರ ಗುಂಪುಗಳು ಜಗತ್ತಿಗೆ ಹೊಸದಲ್ಲ. ಲಂಡನ್ನಿನಲ್ಲಿ 1959ರಲ್ಲಿ ಒಂದು ಚರ್ಚಿನ ಯುವಕರ ಕೂಟವಾಗಿ ಶುರುವಾದ 59 ಕ್ಲಬ್, 1962ರಿಂದ ಬೈಕ್ ಹುಡುಗರಿಗೂ ಬಾಗಿಲು ತೆರೆಯಿತು. ಬಿಲ್ ಶೆರ್ಗೋಲ್ಡ್ ಎಂಬ ಆಂಗ್ಲಿಕನ್ ಪಾದ್ರಿ ತಾವೇ ಬೈಕು ಏರಿ, ಆ ಹುಡುಗರು ಸೇರುವ ಏಸ್ ಕೆಫೆಗೆ ಹೋಗಿ ಅವರನ್ನು ಆರಾಧನೆಗೆ ಕರೆದರು. ಊರವರು ಆ ಹುಡುಗರನ್ನು ಪುಂಡರು ಎನ್ನುತ್ತಿದ್ದ ಕಾಲ ಅದು. ಅಮೆರಿಕದ ಆರ್ಕನ್ಸಾದಲ್ಲಿ ಹರ್ಬ್ ಶ್ರೀವ್ ಎಂಬ ಪಾಸ್ಟರ್, ತನ್ನಿಂದ ದೂರವಾಗುತ್ತಿದ್ದ ಮಗನ ಜೊತೆ ಮತ್ತೆ ಬೆರೆಯಲು ಬೈಕು ಕೊಂಡರು. ಅಪ್ಪ ಮಗ ಸೇರಿ ತಿರುಗಿದರು. ಅದರಿಂದಲೇ 1975ರಲ್ಲಿ ಕ್ರಿಶ್ಚಿಯನ್ ಮೋಟರ್‌ಸೈಕ್ಲಿಸ್ಟ್ಸ್ ಅಸೋಸಿಯೇಷನ್ ಹುಟ್ಟಿತು. ಇವತ್ತು ಅದರ ಶಾಖೆಗಳು ಊರೂರಲ್ಲಿ ಇವೆ. ತಿಂಗಳಿಗೊಮ್ಮೆ ಸೇರುತ್ತಾರೆ, ಪ್ರಾರ್ಥಿಸುತ್ತಾರೆ, ಸವಾರಿ ಹೋಗುತ್ತಾರೆ. ನಾವು ಆ ಸಂಘದ ಶಾಖೆ ಅಲ್ಲ. ಆದರೆ ಒಬ್ಬ ಅಪ್ಪ ಮಗನಿಗಾಗಿ ಬೈಕು ಕಲಿತ ಕಥೆ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಹೊಸದಾಗಿ ಸೇರುವವರಿಗೆ ಮೊದಲು ಅದನ್ನೇ ಹೇಳುತ್ತೇವೆ.

ನಮ್ಮದು ಚಿಕ್ಕ ಗುಂಪು. ಹೆಸರಿಲ್ಲ, ಬ್ಯಾಡ್ಜ್ ಇಲ್ಲ. ಕಾರವಾರ, ಅಂಕೋಲಾ, ಹೊನ್ನಾವರದವರು, ಘಟ್ಟದ ಮೇಲೆ ಶಿರಸಿಯ ಕೆಲವರು. ಬುಲೆಟ್ ಇದೆ, ಸ್ಪ್ಲೆಂಡರ್ ಇದೆ, ಆಕ್ಟಿವಾದಲ್ಲಿ ಬರುವ ಟೀಚರ್ ಇದ್ದಾರೆ. ಹೆಚ್ಚಿನವರು ಕಥೋಲಿಕರು, ಪ್ರೊಟೆಸ್ಟೆಂಟ್ ಸಭೆಯವರೂ ಇದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ತಿಂಗಳ ಎರಡನೇ ಶನಿವಾರ ಸಂಜೆ ಪೂಜೆ ಆದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಸೇರುತ್ತೇವೆ. ಒಂದು ಬೈಬಲ್ ವಾಚನ, ಸ್ವಲ್ಪ ಮೌನ, ಯಾರಿಗೆ ಏನು ಕಷ್ಟ ಎಂದು ಕೇಳುವುದು. ಆಮೇಲೆ ಪೆಟ್ರೋಲ್ ದುಡ್ಡಿನ ಲೆಕ್ಕ. ಕೊನೆಗೆ ಮುಂದಿನ ಸವಾರಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ತೀರ್ಮಾನ.

ಈ ಹಿಂದೆ ಬರುವವರ ಬಗ್ಗೆ ಹೇಳಬೇಕು. ಬೈಕಿನವರ ಭಾಷೆಯಲ್ಲಿ ಅವರು ಸ್ವೀಪ್. ಗುಂಪಿನಲ್ಲಿ ಎಲ್ಲರಿಗಿಂತ ಕೊನೆಗೆ ಬರುವ ಸವಾರ. ಯಾರ ಚೈನ್ ಕಳಚಿತು, ಯಾರಿಗೆ ಸುಸ್ತಾಯಿತು, ಯಾರು ತಪ್ಪು ತಿರುವು ತೆಗೆದುಕೊಂಡರು, ಎಲ್ಲ ಅವರ ಜವಾಬ್ದಾರಿ. ಅವರು ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗುವಂತಿಲ್ಲ. ಹಾಗಾಗಿ ಅತ್ಯಂತ ಅನುಭವಿಗೆ ಕೊನೆಯ ಜಾಗ ಕೊಡುತ್ತೇವೆ.

ಇದು ನಮ್ಮಲ್ಲಿ ಬರೀ ನಿಯಮ ಅಲ್ಲ, ಹರಕೆ. ಗುಂಪು ಶುರುವಾಗುವ ಮೊದಲು ನಮ್ಮ ಕಡೆಯ ಒಬ್ಬ ಹುಡುಗ ರಾತ್ರಿ ಕೆಲಸ ಮುಗಿಸಿ ಒಬ್ಬನೇ ಬರುವಾಗ ಹೆದ್ದಾರಿಯಲ್ಲಿ ಬಿದ್ದ. ಬೆಳಗಾಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಅವನ ತಿಥಿಯ ಪೂಜೆಯ ದಿನ ಅವನ ತಾಯಿ ಗೆಳೆಯರನ್ನು ಕರೆದು ಬೈಕು ಬಿಡಿ ಎಂದು ಹೇಳಲಿಲ್ಲ. "ಯಾರನ್ನೂ ಒಬ್ಬರನ್ನೇ ಬಿಡಬೇಡಿ" ಎಂದರು. ಅವತ್ತು ಮಾತೆ ಮರಿಯಳ ಪೀಠದ ಮುಂದೆ ಆ ಗೆಳೆಯರು ಹೊತ್ತ ಹರಕೆ ಇದು. ಪ್ರತಿ ಸವಾರಿಯಲ್ಲಿ ಒಬ್ಬರು ಕಡೆಯಲ್ಲಿ ಇರುತ್ತಾರೆ, ಎಲ್ಲರೂ ಮನೆ ಮುಟ್ಟುವವರೆಗೆ ಅವರು ಮನೆಗೆ ಹೋಗುವುದಿಲ್ಲ. ಊಟ ಬಿಡುವ ಹರಕೆ, ಕಾಲ್ನಡಿಗೆಯ ಹರಕೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ, ಅಲ್ವಾ? ಕಾಯುವುದನ್ನೇ ಹರಕೆ ಮಾಡಿಕೊಂಡವರು ಇವರು.

ಯೆಶಾಯ ಪ್ರವಾದಿಯ ಗ್ರಂಥದ 52ನೇ ಅಧ್ಯಾಯ, 12ನೇ ವಚನವನ್ನು ನಾವು ಪ್ರತಿ ಸವಾರಿಗೂ ಮೊದಲು ಓದುತ್ತೇವೆ. ಬಾಬಿಲೋನಿನ ಸೆರೆಯಿಂದ ಬಿಡುಗಡೆಯಾಗಿ ಹೊರಡುವ ಜನರಿಗೆ ಹೇಳಿದ ಮಾತು ಅದು. ನೀವು ಅವಸರದಿಂದ ಹೊರಡಬೇಕಿಲ್ಲ, ಓಡಿಹೋಗಬೇಕಿಲ್ಲ. ದೇವರು ನಿಮ್ಮ ಮುಂದೆ ನಡೆಯುತ್ತಾರೆ, ಅವರೇ ನಿಮ್ಮ ಹಿಂದಿನ ಕಾವಲು. ಮುಂದೆ ದಾರಿ ತೋರುವ ದೇವರನ್ನು ನಾವೆಲ್ಲ ಬಲ್ಲೆವು. ಹಿಂದೆ ಉಳಿದವರ ಜೊತೆ, ಕೊನೆಯಲ್ಲಿ ಬರುವ ದೇವರನ್ನು ನೆನೆಯುವುದು ಕಮ್ಮಿ. ಎಮ್ಮಾವುಸ್ ಎಂಬ ಊರಿನ ದಾರಿಯಲ್ಲಿ ಉತ್ಥಾನರಾದ, ಅಂದರೆ ಸತ್ತು ಮತ್ತೆ ಎದ್ದ, ಯೇಸು ಮಾಡಿದ್ದೂ ಅದೇ. ಎಲ್ಲ ಮುಗಿಯಿತು ಎಂದು ಜೆರುಸಲೇಮಿಗೆ ಬೆನ್ನು ಹಾಕಿ ಹೊರಟಿದ್ದ ಇಬ್ಬರು ಶಿಷ್ಯರ ಜೊತೆ ಸೇರಿಕೊಂಡರು. ಅವರ ನಡಿಗೆಯ ವೇಗಕ್ಕೇ ನಡೆದರು. ಊರು ಬರುವವರೆಗೆ ಅವರ ದುಃಖ ಕೇಳಿದರು. ಗುಂಪಿನ ವೇಗ ಯಾವಾಗಲೂ ನಿಧಾನದ ಸವಾರನ ವೇಗ ಎಂಬ ನಮ್ಮ ಕಟ್ಟಳೆಗೆ ಇದಕ್ಕಿಂತ ದೊಡ್ಡ ಆಧಾರ ನನಗೆ ಬೇಕಿಲ್ಲ.

ಭಾನುವಾರದ ಸವಾರಿ ಹೆದ್ದಾರಿ 66ರಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ನಡುವೆ ನದಿಗಳು. ಸದಾಶಿವಗಡದಿಂದ ಹೊನ್ನಾವರಕ್ಕೆ ಹೋದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ಸಿಗುತ್ತವೆ. ಪ್ರತಿ ಸೇತುವೆ ದಾಟಿದ ಮೇಲೆ ನಿಂತು ಎಲ್ಲರೂ ಬಂದರಾ ಎಂದು ನೋಡುತ್ತೇವೆ. 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ ಕಾಳಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಆ ಕತ್ತಲಲ್ಲಿ ಚಾಲಕನನ್ನು ಬದುಕಿಸಿದವರಲ್ಲಿ ನಮ್ಮ ಮೀನುಗಾರರೂ ಇದ್ದರು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆ ಬದಿಯ ಹೋಟೆಲಿನ ಕುಟುಂಬವನ್ನು, ಚಹಾಕ್ಕೆಂದು ನಿಂತಿದ್ದವರನ್ನು ಬಲಿ ತೆಗೆದುಕೊಂಡಿತು. ಆ ಹೋಟೆಲಿನಲ್ಲಿ ನಮ್ಮವರು ಎಷ್ಟೋ ಸಲ ಚಹಾ ಕುಡಿದಿದ್ದಾರೆ. ಈಗ ಆ ಜಾಗ ದಾಟುವ ಮೊದಲು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಜಪಸರದ ಒಂದು ದಶಕ, ಅಂದರೆ ಹತ್ತು ಮಣಿಗಳ ಪ್ರಾರ್ಥನೆ, ಹೇಳುತ್ತೇವೆ. ಅಲ್ಲಿ ಸತ್ತವರು ಯಾವ ಧರ್ಮದವರು ಎಂದು ಪ್ರಾರ್ಥನೆ ಕೇಳುವುದಿಲ್ಲ.

ಜೂನ್ ಬಂದರೆ ಸವಾರಿ ನಿಲ್ಲುತ್ತದೆ. ಕರಾವಳಿಯ ಮಳೆಯಲ್ಲಿ ಗುಂಪು ಕಟ್ಟಿಕೊಂಡು ಹೆದ್ದಾರಿಗೆ ಇಳಿಯುವುದು ಭಕ್ತಿ ಅಲ್ಲ, ದೇವರನ್ನು ಪರೀಕ್ಷಿಸುವುದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನಲ್ಲಿ ದುಡಿಯುವ ನಮ್ಮ ಸದಸ್ಯರಿಗೆ ಬಿಡುವು ಸಿಗುವುದು ಆಗಲೇ. ಸಭೆಗೆ ಅವರು ತಪ್ಪದೆ ಬರುತ್ತಾರೆ. ಊರಿನ ಹುಡುಗರ ಬೈಕುಗಳ ಬ್ರೇಕ್, ಟೈರ್, ಲೈಟ್ ನೋಡಿಕೊಡುತ್ತಾರೆ. ಮೊದಲ ಶುಕ್ರವಾರದ ಮನೆಭೇಟಿ ಮಾತ್ರ ಮಳೆಯಲ್ಲೂ ನಿಲ್ಲುವುದಿಲ್ಲ. ಬೈಕಿಗೆ ಆಗದಿದ್ದರೆ ರಿಕ್ಷಾ, ರಿಕ್ಷಾ ಹೋಗದಿದ್ದರೆ ಕೊಡೆ ಹಿಡಿದು ನಡಿಗೆ.

ಶಿರಸಿಯವರಿಗೆ ತಿಂಗಳ ಸವಾರಿ ಅಂದರೆ ದೇವಿಮನೆ ಘಟ್ಟ. ಮೇ 31ರಂದು ಮಾತೆ ಮರಿಯ ಎಲಿಜಬೆತಳನ್ನು ಭೇಟಿಯಾದ ಹಬ್ಬ. ಗರ್ಭಿಣಿ ಮರಿಯ ಗುಡ್ಡಗಾಡಿನ ಊರಿಗೆ ತ್ವರೆಯಿಂದ ಹೋದಳು ಎಂದು ಲೂಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಅವಳ ಬಂಧು ಎಲಿಜಬೆತ್ ವಯಸ್ಸಾದವಳು, ಆರು ತಿಂಗಳ ಗರ್ಭಿಣಿ. ಆ ಹಬ್ಬದ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಕರಾವಳಿಯವರು ಒಮ್ಮೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇವೆ. ಹೊತ್ತುಕೊಂಡು ಹೋಗುವುದು ಒಣಮೀನು, ತೆಂಗಿನಕಾಯಿ. ಬರುವಾಗ ಹಲಸು, ಜೇನು.

ವರ್ಷದ ದೊಡ್ಡ ಸವಾರಿ ಡಿಸೆಂಬರ್ 3ರ ಚಂದಾವರ ಫೆಸ್ತ್, ಅಂದರೆ ಅಲ್ಲಿಯ ಚರ್ಚಿನ ಹಬ್ಬ. ಕಾರವಾರದವರು ಉತ್ತರದಿಂದ, ಶಿರಸಿಯವರು ಘಟ್ಟ ಇಳಿದು, ಹೊನ್ನಾವರದವರು ದಕ್ಷಿಣದಿಂದ. ಕುಮಟಾದಲ್ಲಿ ಎಲ್ಲರೂ ಸೇರಿ ಒಳಗಿನ ದಾರಿ ಹಿಡಿಯುತ್ತೇವೆ. ಚಂದಾವರದ ಹಳೆಯ ಚರ್ಚು ಸಂತ ಫ್ರಾನ್ಸಿಸ್ ಝೇವಿಯರ್ ಅವರ ಹೆಸರಿನದು. ಅವತ್ತು ಅಲ್ಲಿ ಸೇರುವ ಜನರಲ್ಲಿ ಕ್ರೈಸ್ತರಷ್ಟೇ ಇರುವುದಿಲ್ಲ. ಸುತ್ತಲ ಊರುಗಳ ಹಿಂದೂಗಳು, ಮುಸ್ಲಿಮರು ಕೂಡ ತಮ್ಮ ಹರಕೆ ಹೊತ್ತು ಬಂದು ಕ್ಯಾಂಡಲ್ ಹಚ್ಚುತ್ತಾರೆ.

ಝೇವಿಯರ್ ದಾರಿಯ ಸಂತ. 1542ರಲ್ಲಿ ಗೋವಾಕ್ಕೆ ಬಂದಿಳಿದರು. ದಕ್ಷಿಣದ ಮೀನುಗಾರರ ಕೇರಿಗಳಲ್ಲಿ ನಡೆದರು, ಮಲಾಕಾಕ್ಕೆ ಹೋದರು, 1549ರಲ್ಲಿ ಜಪಾನ್ ಮುಟ್ಟಿದರು. ಚೀನಾಕ್ಕೆ ಹೋಗಬೇಕೆಂಬ ಆಸೆ ಮಾತ್ರ ತೀರಲಿಲ್ಲ. ಚೀನಾದ ದಡದ ಎದುರಿಗಿರುವ ಶಾಂಗ್‌ಚುವಾನ್ ದ್ವೀಪದಲ್ಲಿ ಕರೆದೊಯ್ಯುವ ಹಡಗಿಗಾಗಿ ಕಾದರು. ಹಡಗು ಬರಲಿಲ್ಲ, ಜ್ವರ ಬಂತು. 1552ರ ಡಿಸೆಂಬರ್ 3ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ದೇಶ ಸುತ್ತಿ, ಅಷ್ಟು ಸಾವಿರ ಜನರಿಗೆ ದೀಕ್ಷೆ ಕೊಟ್ಟವರ ಪಕ್ಕದಲ್ಲಿ ಕೊನೆಯವರೆಗೂ ಉಳಿದು ನೋಡಿಕೊಂಡವನು ಆಂಟೋನಿಯೋ ಎಂಬ ಚೀನೀ ಕ್ರೈಸ್ತ. ಚರ್ಚಿನಲ್ಲಿ ಸಂತರ ಪ್ರತಿಮೆ ಇರುತ್ತದೆ, ಆಂಟೋನಿಯೋಗೆ ಪ್ರತಿಮೆ ಇಲ್ಲ. ಫೆಸ್ತ್‌ನ ದಿನ ನಾನು ಹಚ್ಚುವ ಎರಡನೇ ಕ್ಯಾಂಡಲ್ ಅವನ ಹೆಸರಿನಲ್ಲಿ.

ಪೂಜೆ ಮುಗಿದ ಮೇಲೆ ಫಾದರ್ ಬೈಕುಗಳಿಗೆ ತೀರ್ಥ ಚಿಮುಕಿಸಿ ಆಶೀರ್ವದಿಸುತ್ತಾರೆ. ಆಯುಧಪೂಜೆಯ ಊರು ನಮ್ಮದು, ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಫೆಸ್ತ್‌ಗೆ ಬಂದ ಬೇರೆಯವರೂ ತಮ್ಮ ಗಾಡಿ ತಂದು ಸಾಲಿನಲ್ಲಿ ನಿಲ್ಲಿಸುತ್ತಾರೆ. ಆಶೀರ್ವಾದಕ್ಕೆ ಮೊದಲು ಫಾದರ್ ಸವಾರರ ಹತ್ತಿರ ಒಂದು ಮಾತು ತೆಗೆದುಕೊಳ್ಳುತ್ತಾರೆ. ಕುಡಿದು ಓಡಿಸುವುದಿಲ್ಲ, ಹೆಲ್ಮೆಟ್ ಬಿಡುವುದಿಲ್ಲ, ರಸ್ತೆಯಲ್ಲಿ ಬಿದ್ದವರನ್ನು ನೋಡಿ ದಾಟಿ ಹೋಗುವುದಿಲ್ಲ. ಯೇಸು ಹೇಳಿದ ಕಥೆಯಲ್ಲಿ ಸಮಾರಿಯ ಎಂಬ ನಾಡಿನವನೊಬ್ಬ ದಾರಿಯಲ್ಲಿ ಬಿದ್ದಿದ್ದ ಗಾಯಗೊಂಡವನನ್ನು ತನ್ನ ಪ್ರಾಣಿಯ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಕರೆದೊಯ್ದ. ನಮ್ಮ ಬೈಕಿನ ಹಿಂದಿನ ಸೀಟು ಇರುವುದೂ ಅದಕ್ಕೆ. ಮಾತು ಕೊಟ್ಟ ಮೇಲೆ ತೀರ್ಥ. ಈ ಕ್ರಮ ನನಗೆ ತುಂಬ ಸರಿ ಅನ್ನಿಸುತ್ತದೆ. ಮಾತಿಲ್ಲದ ಆಶೀರ್ವಾದವನ್ನು ಜನ ತಾಯಿತ ಮಾಡಿಕೊಂಡುಬಿಡುತ್ತಾರೆ.

ಮುಂದಿನ ಫೆಸ್ತ್‌ಗೆ ನಮ್ಮ ಜೊತೆ ಬರುವ ಮನಸ್ಸಿದ್ದರೆ ಯಾವ ಧರ್ಮದವರಾದರೂ ಬನ್ನಿ. ಯಾವ ಗಾಡಿಯಾದರೂ ಆಗುತ್ತದೆ, ಹಳೆಯದಾದರೆ ಇನ್ನೂ ಒಳ್ಳೆಯದು, ಎಲ್ಲರ ವೇಗ ತಗ್ಗುತ್ತದೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಇರಲಿ. ಬೆಳಿಗ್ಗೆ ಏನಾದರೂ ತಿಂದು ಹೊರಡಿ. ಕ್ಯಾಂಡಲ್ ಚಂದಾವರದಲ್ಲೇ ಸಿಗುತ್ತದೆ.