ಔಷಧಿ ಹೊಡೆದ ಮೇಲೂ ಗರಿಕೆ ಹಸಿರಾಗೇ ಇತ್ತು

ಬೆಂಗಳೂರಲ್ಲಿ ಪಾರ್ಕ್ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿ ಹನ್ನೊಂದು ವರ್ಷ ಆಯ್ತು. ಮೊದಲ ಎಂಟು ವರ್ಷ ಮಳೆ ಬಿದ್ದು ಕಳೆ ಎದ್ದ ತಕ್ಷಣ ಹುಡುಗ್ರ ಬೆನ್ನಿಗೆ ಪಂಪ್ ಹಾಕ್ಸಿ ಗ್ಲೈಫೋಸೇಟ್ ಅನ್ನೋ ಕಳೆ ಸಾಯ್ಸೋ ಔಷಧಿ ಹೊಡಿಸ್ತಿದ್ದೆ, ಯಾಕಂದ್ರೆ ಇನ್ಸ್‌ಪೆಕ್ಷನ್‌ಗೆ ಬಂದವ್ರು ನೋಡೋದು ನೆಲ ಕ್ಲೀನ್ ಇದೆಯಾ ಅಂತ ಅಷ್ಟೇ, ಬಿಲ್ ಪಾಸ್ ಆಗೋದೂ ಅದರ ಮೇಲೇನೆ.

ಗಣೇಶನ ಹಬ್ಬದ ಹಿಂದಿನ ದಿನ ಒಬ್ರು ಅಜ್ಜಿ ಹಿಂದಿನ ಗೇಟ್ ಹತ್ರ ಕೂತು ಗರಿಕೆ ಕಿತ್ತು ಜೋಡಿಸಿ ದಾರ ಸುತ್ತಾ ಇದ್ರು. ಪಕ್ಕದಲ್ಲಿ ಕವರ್ ತುಂಬ ಹೊನಗೊನ್ನೆ, ಅಣ್ಣೆ ಸೊಪ್ಪು, ಸಾರಿಗೆ. ಎರಡು ದಿನದ ಹಿಂದೆ ಅಲ್ಲೇ ಔಷಧಿ ಹೊಡಿಸಿದ್ದೆ. "ಅಜ್ಜಿ, ಅದನ್ನೆಲ್ಲ ಬಿಸಾಕ್ಬಿಡಿ, ಔಷಧಿ ಬಿದ್ದಿದೆ" ಅಂದ್ರೆ "ಯಾಕಪ್ಪ, ಇಷ್ಟು ಹಸಿರಾಗಿದೆಯಲ್ಲ" ಅಂದ್ರು. ನಿಜಾನೇ, ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿದು ಗಿಡ ಹಳದಿ ತಿರುಗೋಕೆ ನಾಲ್ಕೈದು ದಿನ, ಒಂದ್ ವಾರ ಬೇಕು, ಅಲ್ಲೀವರೆಗೂ ನೋಡಿದ್ರೆ ಏನೂ ಗೊತ್ತಾಗಲ್ಲ. ನಾವು ಒಂದು ಬೋರ್ಡೂ ಹಾಕಿರ್ಲಿಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಹಿಂದೆ ಎಷ್ಟು ಮನೆ ಸಾರಿಗೆ ಹೋಗಿರ್ಬಹುದು ಅಂತ.

ಆಮೇಲೆ ಕೂತು ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಇದನ್ನ ಕ್ಯಾನ್ಸರ್ ತರೋ ಸಾಧ್ಯತೆ ಇರೋ ಪಟ್ಟಿಗೆ ಸೇರಿಸಿದೆ. ಅಮೆರಿಕಾದಲ್ಲಿ ಸ್ಕೂಲ್ ಮೈದಾನಗಳಿಗೆ ಇದನ್ನೇ ಹೊಡೀತಿದ್ದ ಡ್ವೇನ್ ಜಾನ್ಸನ್ ಅನ್ನೋರು ಕ್ಯಾನ್ಸರ್ ಬಂದು ಕೇಸ್ ಹಾಕಿ 2018ರಲ್ಲಿ ಗೆದ್ರು, ಅವ್ರು ಮಾಡ್ತಿದ್ದಿದ್ದು ನಮ್ಮ ಹುಡುಗ್ರು ಮಾಡೋ ಕೆಲಸಾನೇ. ನಮ್ಮ ಕೇಂದ್ರ ಸರ್ಕಾರಾನೂ 2022ರ ಅಕ್ಟೋಬರ್‌ನಲ್ಲಿ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು ಬಿಟ್ಟು ಬೇರೆ ಯಾರೂ ಹೊಡೀಬಾರ್ದು ಅಂತ ಆದೇಶ ಹೊರಡಿಸಿತ್ತು. ನಮ್ಮ ಹುಡುಗ್ರು ಹೊಡೀತಿದ್ದಿದ್ದು ಮೂಗಿಗೆ ಕರ್ಚೀಫ್ ಕಟ್ಕೊಂಡು.

ಪಂಪ್ ನಿಲ್ಲಿಸಿದ ಮೇಲೆ ಅರ್ಥ ಆಗಿದ್ದು ಏನಂದ್ರೆ, ಅಷ್ಟೊಂದು ಕಳೆ ಬರೋಕೆ ನಾವೇ ಜಾಗ ಮಾಡ್ಕೊಡ್ತಿದ್ವಿ. ಔಷಧಿ ಗರಿಕೇನ ಬೇರು ಸಮೇತ ಸುಡುತ್ತೆ, ನೆಲ ಬರಿದಾಗುತ್ತೆ, ಮುಂದಿನ ಮಳೆಗೆ ಆ ಬರಿ ನೆಲದಲ್ಲಿ ಮೊದಲು ಏಳೋದೇ ಪಾರ್ಥೇನಿಯಂ, ಅಂದ್ರೆ ಕಾಂಗ್ರೆಸ್ ಗಿಡ, ಮತ್ತೆ ಜೇಕು. ಜೇಕಿನ ಗಡ್ಡೆ ಮಣ್ಣೊಳಗೆ ಮಲಗಿದ್ರೆ ಔಷಧಿ ಅದನ್ನ ಮುಟ್ಟೋದೂ ಇಲ್ಲ.

ಈಗ ನೆಲ ಬರಿ ಬಿಡಲ್ಲ. ಉದುರಿದ ಎಲೇನ ಸುಡೋದು ಬಿಟ್ಟು ಮರದ ಕೆಳಗೆ ನಾಲ್ಕು ಇಂಚು ಹಾಸ್ತೀವಿ, ಬುಡಕ್ಕೆ ಮಾತ್ರ ತಾಗಿಸಲ್ಲ. ಗರಿಕೇನ ಬ್ರಷ್ ಕಟರ್‌ನಲ್ಲಿ ನುಣ್ಣಗೆ ಹೊಡೀದೆ ಸ್ವಲ್ಪ ಎತ್ತರ ಬಿಡ್ತೀವಿ. ಪಾರ್ಥೇನಿಯಂ ಹೂ ಬಿಡೋ ಮುಂಚೆ, ಮಳೆ ಬಂದ ಮಾರನೇ ದಿನ ಮಣ್ಣು ಸಡಿಲ ಇರೋವಾಗ ಗ್ಲೌಸ್ ಹಾಕ್ಕೊಂಡು ಕೀಳ್ಬೇಕು. ಅದನ್ನ ತಿನ್ನೋಕೆ ಅಂತಾನೇ ಮೆಕ್ಸಿಕೋದಿಂದ ತಂದ ಪಟ್ಟೆ ಹುಳಾನ 1984ರಲ್ಲಿ ನಮ್ಮ ಬೆಂಗಳೂರಲ್ಲೇ ಬಿಟ್ಟಿದ್ರಂತೆ. ಹೋದ ಮಳೆಗಾಲ ಕಾಂಪೌಂಡ್ ಪಕ್ಕ ಎಲೆ ಎಲ್ಲ ಜರಡಿ ಆಗಿತ್ತು, ಬಗ್ಗಿ ನೋಡಿದ್ರೆ ಅವೇ, ಬೆಳ್ಳಗೆ ಕಪ್ಪು ಗೆರೆ. ತುಂಬಾ ಖುಷಿ ಆಯ್ತು.

ಖರ್ಚು ಜಾಸ್ತಿ, ಅದು ಸುಳ್ಳಲ್ಲ. ಒಬ್ಬ ಹುಡುಗ ಅರ್ಧ ದಿನದಲ್ಲಿ ಹೊಡೆದು ಮುಗಿಸ್ತಿದ್ದ ಜಾಗಕ್ಕೆ ಇಬ್ರು ಹೆಂಗಸರು ಮೂರು ದಿನ ಕೂರ್ಬೇಕು, ಅದರಲ್ಲೂ ಪೇವರ್ ಕಲ್ಲಿನ ಸಂದಿ ಕೆರೆಯೋದು ಸೊಂಟ ಮುರಿಯೋ ಕೆಲಸ. ಟೆಂಡರ್‌ನಲ್ಲಿ ಕಳೆ ಕೀಳೋಕೆ ಅಂತ ಕೂಲಿ ಬೇರೆ ಬರೆಸಿ ಅಂತ ಮೂರು ವರ್ಷದಿಂದ ಕೇಳ್ತಿದೀನಿ, ಈ ಸಲಾನೂ ಬರೆದು ಕೊಟ್ಟಿದೀನಿ.