ಅದು ನಾನು ನುಡಿಸಿದ್ದು

ಭಾನುವಾರ ರಾತ್ರಿ ಒಂದು ಸಾಕ್ಷ್ಯಚಿತ್ರ ನೋಡಿದ್ದು, ಇವತ್ತು ಗುರುವಾರ. ಅದರಲ್ಲಿನ ಒಂದು ಹೋಟೆಲಿನ ದೃಶ್ಯ ಇನ್ನೂ ತಲೆಯಿಂದ ಇಳಿದಿಲ್ಲ.

ಲಾಸ್ ಏಂಜಲೀಸಿನ ಒಂದು ಹೋಟೆಲು. ಗಿಟಾರ್ ವಾದಕ ರಾಬರ್ಟ್ ವೈಟ್ ಊಟಕ್ಕೆ ಕೂತಿದ್ದಾರೆ. ಏನು ಬೇಕು ಎಂದು ಕೇಳಲು ವೇಟರ್ ಬರುವ ಹೊತ್ತಿಗೆ ಸರಿಯಾಗಿ ಸ್ಪೀಕರಿನಲ್ಲಿ ‘ಮೈ ಗರ್ಲ್’ ಶುರುವಾಗುತ್ತದೆ. ಆ ಹಾಡು ಏಳುವುದೇ ಒಂದು ಗಿಟಾರ್ ತುಣುಕಿನಿಂದ, ಅದನ್ನು ನುಡಿಸಿದವರು ಇವರೇ. ಕೇಳಿಸ್ತಾ ಇದೆಯಾ, ಇದು... ಎಂದು ಬಾಯಿ ತೆರೆಯುತ್ತಾರೆ. ಅಲ್ಲಿಗೇ ನಿಲ್ಲಿಸುತ್ತಾರೆ. ಬೇಕಾದ ಊಟ ಹೇಳಿ ಸುಮ್ಮನಾಗುತ್ತಾರೆ. ಹೇಳಿದ್ದರೆ ಆ ಹುಡುಗ ನಂಬುತ್ತಿರಲಿಲ್ಲ, ಯಾರೋ ತಲೆಕೆಟ್ಟ ಮುದುಕ ಅಂದುಕೊಳ್ಳುತ್ತಿದ್ದ ಎನ್ನುವುದು ಅವರ ಅಳುಕು.

‘ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೊಟೌನ್’ ಎಂಬ 2002ರ ಸಾಕ್ಷ್ಯಚಿತ್ರದಲ್ಲಿ ಈ ಪ್ರಸಂಗ ಬರುತ್ತದೆ. ಪಾಲ್ ಜಸ್ಟ್‌ಮನ್ ಅದರ ನಿರ್ದೇಶಕರು. ಮೊಟೌನ್ ಎಂದರೆ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಡಿಸ್ಕುಗಳನ್ನು ತಂದ ಡೆಟ್ರಾಯಿಟ್‌ನ ಕಂಪನಿ. ವೈಟ್ 1994ರಲ್ಲೇ ತೀರಿಕೊಂಡಿದ್ದರಿಂದ ಪಾತ್ರಧಾರಿಯಿಂದ ಅಭಿನಯ ಮಾಡಿಸಿದ್ದಾರೆ. ಅಭಿನಯ ಎಂದು ಗೊತ್ತಿದ್ದೂ ನನಗೆ ಗಂಟಲು ಕಟ್ಟಿತು.

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಗೆ ಸೋಲ್ ಸಂಗೀತವೂ ಗೊತ್ತಿಲ್ಲ, ಮೊಟೌನೂ ಗೊತ್ತಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಯಾಕ್ರೀ ಹೇಳಲಿಲ್ಲ? ಹೇಳಿದ್ರೆ ಏನಾಗ್ತಿತ್ತು?” ಆಗಲೂ ಉತ್ತರ ಹೊಳೆಯಲಿಲ್ಲ, ಮಾರನೇ ದಿನ ಬೆಳಿಗ್ಗೆ ಅವಳು ಕಾಫಿ ಕೊಡುತ್ತಾ ಮತ್ತೆ ಕೇಳಿದಾಗಲೂ ಹೊಳೆಯಲಿಲ್ಲ.

ಆ ಗಿಟಾರ್ ತುಣುಕನ್ನು ನೀವು ಕೇಳಿಯೇ ಇರುತ್ತೀರಿ. ಸ ರಿ ಗ ಪ ದ ಸ. ಅಚ್ಚುಕಟ್ಟಾದ ಮೋಹನ ರಾಗದ ಆರೋಹಣ. ನಮ್ಮ ಮಕ್ಕಳು ಸಂಗೀತ ಪಾಠದ ಮೊದಲ ವರ್ಷದಲ್ಲಿ ‘ವರವೀಣಾ’ ಗೀತೆ ಕಲಿಯುವಾಗ ಹತ್ತುವ ಅದೇ ಮೆಟ್ಟಿಲು. ವೈಟ್ ಅದನ್ನು ಒಮ್ಮೆ ಹತ್ತಿ, ಆಮೇಲೆ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಮತ್ತೊಮ್ಮೆ ಹತ್ತುತ್ತಾರೆ. ಅಷ್ಟೇ ಇರುವುದು. ಅದಿಲ್ಲದೆ ಆ ಹಾಡನ್ನು ಊಹಿಸಿಕೊಳ್ಳಲು ಆಗುವುದಿಲ್ಲ. ಹಾಡು ಬರೆದವರ ಹೆಸರು ಡಿಸ್ಕಿನ ಮೇಲಿತ್ತು, ಹಾಡಿದ ‘ಟೆಂಪ್ಟೇಷನ್ಸ್’ ತಂಡದ ಹೆಸರಿತ್ತು. ಅರುವತ್ತು ವರ್ಷದಿಂದ ಲೋಕ ಗುನುಗುತ್ತಿರುವ ಆ ಆರು ಸ್ವರ ನುಡಿಸಿದವರ ಹೆಸರು ಮಾತ್ರ ಇರಲಿಲ್ಲ.

ಮೊಟೌನ್ ಇದ್ದದ್ದು ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ ಒಂದು ಮನೆಯಲ್ಲಿ. ಬೆರಿ ಗಾರ್ಡಿ 1959ರಲ್ಲಿ ಮನೆಯವರ ಹತ್ತಿರ 800 ಡಾಲರ್ ಸಾಲ ತಂದು ಕಂಪನಿ ಶುರುಮಾಡಿದ್ದರು. ಮನೆಯ ಹಿಂಭಾಗದ ಸ್ಟುಡಿಯೋಗೆ ವಾದಕರು ಇಟ್ಟ ಹೆಸರು ಸ್ನೇಕ್‌ಪಿಟ್, ಅಂದರೆ ಹಾವಿನ ಗುಂಡಿ. ಅಲ್ಲಿ ಹಗಲು ರಾತ್ರಿ ಕೂತು ನುಡಿಸಿದವರು ವೈಟ್ ಸೇರಿದಂತೆ ‘ಫಂಕ್ ಬ್ರದರ್ಸ್’ ಎಂಬ ವಾದಕರ ಗುಂಪು. ರಾತ್ರಿ ಕ್ಲಬ್ಬುಗಳಲ್ಲಿ ಜ್ಯಾಜ್ ನುಡಿಸುತ್ತಿದ್ದ ಕಸುಬುದಾರರು. ಹಾಡುಗಾರರು ಬದಲಾಗುತ್ತಿದ್ದರು, ಗುಂಡಿಯಲ್ಲಿ ಕೂತವರು ಹೆಚ್ಚುಕಮ್ಮಿ ಅವರೇ. ಗಾರ್ಡಿ ಅದಕ್ಕೆ ಮೊದಲು ಕಾರು ಕಾರ್ಖಾನೆಯಲ್ಲಿ ದುಡಿದವರು, ಕಾರು ಜೋಡಿಸುವ ಸಾಲಿನ ಹಾಗೆ ಹಾಡನ್ನೂ ಜೋಡಿಸಬಹುದು ಎಂದು ಕಂಡುಕೊಂಡವರು. ಅವರನ್ನು ಖಳನಾಯಕ ಎನ್ನಲು ನನಗೆ ಮನಸ್ಸಿಲ್ಲ. ಆ ಕಾಲದಲ್ಲಿ ಒಬ್ಬ ಕಪ್ಪು ಯುವಕ ಅಂಥದ್ದನ್ನು ಕಟ್ಟಿದ್ದು ಸಣ್ಣ ಮಾತಲ್ಲ. ಆದರೆ ಕಾರು ರಸ್ತೆಗೆ ಬಂದ ಮೇಲೆ ಬೋಲ್ಟು ಬಿಗಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಹಾಡಿಗೂ ಅದೇ ನ್ಯಾಯ ಹಚ್ಚಿದ್ದು ತಪ್ಪು. ನಾನು ಇದನ್ನು ಎಷ್ಟು ಸಲ ಬೇಕಾದರೂ ಹೇಳಬಲ್ಲೆ.

ಅದೇ ಗುಂಪಿನ ಜೇಮ್ಸ್ ಜೇಮರ್ಸನ್ ಅವರ ಕತೆ ಇನ್ನೂ ಕಷ್ಟ. ಬೇಸ್ ಗಿಟಾರನ್ನು ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು, ಆ ಬೆರಳಿಗೆ ‘ಹುಕ್’ ಎಂದೇ ಹೆಸರು. ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿಗೆ ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರಂತೆ. 1971ರ ಆ ಆಲ್ಬಮ್ಮಿನ ಹೊದಿಕೆಯ ಮೇಲೆ ಕೊನೆಗೂ ವಾದಕರ ಹೆಸರು ಅಚ್ಚಾಯಿತು. ಕಂಪನಿ ಶುರುವಾಗಿ ಹನ್ನೆರಡು ವರ್ಷವಾಗಿತ್ತು. ಮರುವರ್ಷ ಕಂಪನಿ ಲಾಸ್ ಏಂಜಲೀಸಿಗೆ ಗುಳೆ ಎದ್ದಿತು. ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿ ತಮಗೆ ವಿಷಯ ತಿಳಿಯಿತು ಎಂದು ಚಿತ್ರದಲ್ಲಿ ಆ ಹಿರಿಯ ವಾದಕರು ಹೇಳುವಾಗ ದನಿಯಲ್ಲಿ ಸಿಟ್ಟು ಕೂಡ ಉಳಿದಿಲ್ಲ. 1983ರಲ್ಲಿ ಕಂಪನಿಯ ಇಪ್ಪತ್ತೈದನೇ ವರ್ಷದ ದೊಡ್ಡ ಸಮಾರಂಭ ನಡೆದಾಗ ಜೇಮರ್ಸನ್ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದರು. ಅದೇ ವರ್ಷ ಆಗಸ್ಟಿನಲ್ಲಿ ಹೋದರು, ಇನ್ನೂ 47 ವರ್ಷ.

ಚಿತ್ರದಲ್ಲಿ ಈಗಿನ ಗಾಯಕರು ಬಂದು ಹಳೆಯ ಹಾಡುಗಳನ್ನು ಹಾಡುವ ಭಾಗ ಸ್ವಲ್ಪ ಹೆಚ್ಚಾಯಿತು ಎಂದು ನನ್ನ ಅನಿಸಿಕೆ. ಚೆನ್ನಾಗಿಯೇ ಹಾಡುತ್ತಾರೆ. ಆದರೆ ಇಷ್ಟು ವರ್ಷ ಕಾದ ಮೇಲೂ ಕ್ಯಾಮೆರಾ ಮತ್ತೆ ಹಾಡುಗಾರರ ಕಡೆಗೇ ಹೊರಳಿದಾಗ, ಇತ್ತ ತಿರುಗಿಸಪ್ಪ, ಜ್ಯಾಕ್ ಆಶ್‌ಫರ್ಡ್ ಟ್ಯಾಂಬೊರಿನ್ ಬಾರಿಸುವ ಕೈ ತೋರಿಸು ಎಂದು ಕೂಗಬೇಕೆನಿಸಿತು.

ಇಷ್ಟೆಲ್ಲ ಯಾಕೆ ತಾಗಿತು ಎಂದರೆ, ಕಾಲೇಜು ದಿನಗಳಿಂದ ಒಂಬತ್ತು ವರ್ಷ ನಾನು ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು. ಗಣೇಶನ ಹಬ್ಬ ಬಂತೆಂದರೆ ದಿನಕ್ಕೊಂದು ಊರು. ಹಾಡಿನ ಮುಂಚಿನ ಮ್ಯೂಸಿಕ್ ನಾನು ಸರಿಯಾಗಿ ಎತ್ತಿದರೆ ಪೆಂಡಾಲಿನಲ್ಲಿ ಸಿಳ್ಳೆ ಬೀಳುತ್ತಿತ್ತು. ನನ್ನ ಎಡಕ್ಕೆ, ಆಂಪ್ಲಿಫೈಯರಿಗೆ ಒರಗಿಕೊಂಡ ಹಾಗೆ ನಿಲ್ಲುತ್ತಿದ್ದ ಬೇಸ್ ಗಿಟಾರ್ ಗೆಳೆಯನಿಗೆ ಒಂದು ದಿನವೂ ಸಿಳ್ಳೆ ಬಿದ್ದದ್ದಿಲ್ಲ. ಕೊನೆಯಲ್ಲಿ ನಿರೂಪಕರು ಕಲಾವಿದರ ಪರಿಚಯ ಮಾಡುವಾಗ ಅವನದು ಕಟ್ಟಕಡೆಯ ಹೆಸರು. ಅಷ್ಟರಲ್ಲಿ ಜನ ಚಾಪೆ ಕೊಡವಿಕೊಂಡು ಎದ್ದಿರುತ್ತಿದ್ದರು.

ಒಮ್ಮೆ ಹುಣಸೂರಿನ ಹತ್ತಿರದ ಹಳ್ಳಿಯಲ್ಲಿ ಹಾಡಿನ ನಡುವೆ ಅವನ ಆಂಪ್ಲಿಫೈಯರ್ ಕೈಕೊಟ್ಟಿತು. ವೇದಿಕೆ ಮುಂದೆ ಕುಣಿಯುತ್ತಿದ್ದ ಹುಡುಗರ ಕಾಲು ನಿಧಾನಕ್ಕೆ ಸಡಿಲವಾದವು. ಏನೋ ಹೋಯಿತು ಎಂದು ಎಲ್ಲರಿಗೂ ಗೊತ್ತಾಯಿತು, ಏನು ಎಂದು ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ನನ್ನ ಕಡೆ ಕೈ ತೋರಿಸಿ “ಸೌಂಡ್ ಜಾಸ್ತಿ ಕೊಡಣ್ಣ” ಅಂದ. ಎಡಕ್ಕೆ ತಿರುಗಿ ನೋಡಿದರೆ ಗೆಳೆಯನ ಬೆರಳು ಓಡುತ್ತಲೇ ಇದ್ದವು. ಸದ್ದೇ ಬರದ ತಂತಿಗಳ ಮೇಲೆ, ಒಂದು ಪೆಟ್ಟೂ ತಪ್ಪದೆ, ಹಾಡು ಮುಗಿಯುವವರೆಗೂ ನುಡಿಸಿದ. ವ್ಯಾನಿನಲ್ಲಿ ವಾಪಸ್ ಬರುವಾಗ ಅದರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ನನ್ನ ತಲೆಯಲ್ಲಿದ್ದದ್ದು ನನಗೆ ಬಿದ್ದ ಸಿಳ್ಳೆ.

ಶಾಸ್ತ್ರೀಯ ಕಛೇರಿಯ ಆಮಂತ್ರಣದಲ್ಲಿ ಪಿಟೀಲು ಯಾರು, ಮೃದಂಗ ಯಾರು ಎಂದು ಅಚ್ಚು ಮಾಡಿಸುತ್ತೇವೆ. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದಲ್ಲಿ ಮುಖ್ಯ ಗಾಯಕರೇ ಹಾಡು ನಿಲ್ಲಿಸಿ ಕೂತು ತಾಳ ಹಾಕುತ್ತಾರೆ. ಅಷ್ಟು ಒಳ್ಳೆಯ ರೂಢಿ ಇಟ್ಟುಕೊಂಡ ನಾವು ಸಿನಿಮಾ ಹಾಡಿನ ವಿಷಯಕ್ಕೆ ಬಂದಾಗ ಮಾತ್ರ ಮರೆತೆವು. ನಾನು ಉಜ್ಜಿ ಉಜ್ಜಿ ಕೇಳಿದ ಕನ್ನಡ ಕ್ಯಾಸೆಟ್ಟುಗಳ ಮೇಲೆ ಗಾಯಕರು, ಸಾಹಿತ್ಯ, ಸಂಗೀತ ಎಂದಿರುತ್ತಿತ್ತು. ಜಿ. ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದ ಒಬ್ಬರು ಮುಂದೆ ಇಳಯರಾಜ ಆದದ್ದರಿಂದ ಅವರ ಹೆಸರು ನಮಗೆ ಗೊತ್ತು. ಅವರ ಅಕ್ಕಪಕ್ಕ ಕೂತವರು?

ಹೆಂಡತಿಯ ಪ್ರಶ್ನೆಗೆ ಈಗ ನನಗೆ ತೋಚುವುದು ಇಷ್ಟು. ಹೆಸರು ಹಾಕದೇ ಹೋದದ್ದು ಮೊದಲ ನಷ್ಟ. ವರ್ಷಗಟ್ಟಲೆ ಯಾರೂ ಕೇಳದೇ ಹೋದಾಗ, ಕೇಳದೆ ಹೇಳಿಕೊಳ್ಳುವುದು ಜಂಬ ಎಂದು ಆ ಮನುಷ್ಯನಿಗೇ ಅನಿಸತೊಡಗುತ್ತದೆ. ಸತ್ಯ ಹೇಳಲು ನಾಚಿಕೆಯಾಗುತ್ತದೆ. ವೈಟ್ ಅವರ ಬಾಯಿ ತೆರೆದು ಮುಚ್ಚಿದ್ದು ಆ ನಾಚಿಕೆಗೆ. ವೇಟರ್ ಹುಡುಗನದು ಏನೂ ತಪ್ಪಿಲ್ಲ.

ನಿನ್ನೆ ರಾತ್ರಿ ಗೆಳೆಯನಿಗೆ ಫೋನು ಮಾಡಿದೆ. ಈಗ ನಂಜನಗೂಡಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹುಣಸೂರಿನ ರಾತ್ರಿಯದ್ದು ನೆನಪಿದೆಯಾ ಎಂದೆ. “ಲೋ, ಅದು ಫ್ಯೂಸ್ ಹೋಗಿದ್ದು ಕಣೋ, ಆಂಪ್ಲಿಫೈಯರ್ ಏನೂ ಆಗಿರಲಿಲ್ಲ” ಅಂದ. ಇಪ್ಪತ್ತಾರು ವರ್ಷದ ಮೇಲೂ ಅದನ್ನು ತಿದ್ದಿದ. ಸತ್ತ ತಂತಿ ಯಾಕೆ ನುಡಿಸಿದೆ ಎಂದು ಕೇಳಿದೆ. “ಮತ್ತೆ? ಡ್ರಮ್ಸ್‌ನವನು ನನ್ನ ಕೈ ನೋಡಿ ತಾನೇ ಬಾರಿಸ್ತಿದ್ದದ್ದು.” ಇದು ನನಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ.

ಜೇಮರ್ಸನ್ ವಿಷಯ ಹೇಳಿ ‘ವಾಟ್ಸ್ ಗೋಯಿಂಗ್ ಆನ್’ ಕಳಿಸಿದೆ. ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಒಂದು ವಾಯ್ಸ್ ಮೆಸೇಜು ಬಂತು. ಹಿಂದೆ ಎಲ್ಲೋ ನಾಯಿ ಬೊಗಳುತ್ತಿದೆ. ಗೆಳೆಯ ಬರೀ ಬೇಸ್ ಗುನುಗುತ್ತಿದ್ದಾನೆ, ಡುಂ ಡುಡುಂ ಡುಂ ಎಂದು, ಇಡೀ ಹಾಡಿನದ್ದು. ಮಾರ್ವಿನ್ ಗೇ ದನಿ ಏರುವ ಜಾಗದಲ್ಲಿ ಉಸಿರು ಎಳೆದುಕೊಂಡು ಮತ್ತೆ ಮುಂದುವರಿಸುತ್ತಾನೆ.